ಏಳು ದಿನಾರಿನ ಹೊರೆ ಸಿಸ್ಟರ್ ತಲೆಗೆ ಯಾಕೆ?

ಕುವೈತ್‌ನ ಅಬ್ಬಾಸಿಯಾದಲ್ಲಿ ನಾನಿದ್ದ ಕಟ್ಟಡದ ಮೂರನೇ ಮಹಡಿಯಲ್ಲಿ ರಾತ್ರಿ ಒಂಬತ್ತು ದಾಟಿದರೆ ಒಂದು ಬಾಗಿಲ ಮುಂದೆ ಚಪ್ಪಲಿಗಳು ರಾಶಿ ಬೀಳುತ್ತಿದ್ದವು. ಅದು ಬೆಳ್ತಂಗಡಿ ಕಡೆಯ ನರ್ಸ್ ಒಬ್ಬರ ಮನೆ. ಎಲ್ಲರ ಬಾಯಲ್ಲೂ ಅವರು ಸಿಸ್ಟರ್. ಹನ್ನೆರಡು ಗಂಟೆಯ ಡ್ಯೂಟಿ ಮುಗಿಸಿ ಬಂದು ಗಂಜಿಗೆ ನೀರಿಡುವುದರೊಳಗೆ ಬೆಲ್ ಆಗುತ್ತಿತ್ತು. ಕಲಬುರಗಿಯ ಗಾರೆ ಕೆಲಸದವನಿಗೆ ಮೈಕೈ ನೋವು, ಭಟ್ಕಳದ ಬಕಾಲಾ ಅಂಗಡಿಯ ಹುಡುಗನ ಕಾಲಿಗೆ ಮೊಳೆ, ಆಂಧ್ರದ ಮನೆಗೆಲಸದಾಕೆಗೆ ತಲೆಸುತ್ತು. ಸಿಸ್ಟರ್ ಬಿಪಿ ನೋಡುತ್ತಿದ್ದರು, ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದರು, ಊರಿನಿಂದ ತಂದ ಮಾತ್ರೆಗಳನ್ನು ಬಿಸ್ಕತ್ತಿನ ಡಬ್ಬಿಯಿಂದ ತೆಗೆದು ಕೊಡುತ್ತಿದ್ದರು. ಒಂದು ಫಿಲ್ಸ್ ಕಾಸು ಮುಟ್ಟಿದವರಲ್ಲ.

ಅಬ್ಬಾಸಿಯಾ ಇರುವ ಜಲೀಬ್ ಪ್ರದೇಶದಲ್ಲಿ ಫ್ಲ್ಯಾಟ್‌ನೊಳಗೆ ಚಿಕಿತ್ಸೆ ಕೊಡುತ್ತಿದ್ದವರನ್ನು ಹಿಡಿದ ಸುದ್ದಿ ಆಗಾಗ ಬರುತ್ತದೆ. ಬಂದಾಗಲೆಲ್ಲ ನಮ್ಮವರಲ್ಲಿ ಎರಡು ಬಣ. ‘ಸೇವೆ ಮಾಡಿದವರಿಗೆ ಜೈಲಾ?’ ಎಂದು ಒಬ್ಬರು, ‘ಪರದೇಶದಲ್ಲಿದ್ದ ಮೇಲೆ ಅಲ್ಲಿನ ಕಾನೂನು ಪಾಲಿಸಬೇಕು’ ಎಂದು ಇನ್ನೊಬ್ಬರು. ಎರಡೂ ಬಣಗಳು ಸಿಸ್ಟರ್ ಮಾಡಿದ್ದು ಸರಿಯೋ ತಪ್ಪೋ ಎಂದೇ ಜಗ್ಗಾಡುತ್ತವೆ. ಚಪ್ಪಲಿ ಬಿಟ್ಟು ಒಳಗೆ ಹೋದವರು ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಎಂದು ಕೇಳುವವರಿಲ್ಲ. ಸಿಸ್ಟರನ್ನು ಜೈಲಿಗೆ ಹಾಕಬೇಕೆನ್ನುವವರಿಗಿಂತ ಆಕೆಯನ್ನು ಹೊಗಳುವವರ ಮೇಲೆಯೇ ನನಗೆ ಹೆಚ್ಚು ಸಿಟ್ಟು. ಆಸ್ಪತ್ರೆಯ ಖರ್ಚು ಕೊಡಬೇಕಾದವರೆಲ್ಲ ಆ ಹೊಗಳಿಕೆಯ ಮರೆಯಲ್ಲಿ ನುಣುಚಿಕೊಳ್ಳುತ್ತಿದ್ದಾರೆ.

ಲೆಕ್ಕ ನೋಡಿ. 2017ರ ಅಕ್ಟೋಬರ್‌ನಲ್ಲಿ ಕುವೈತ್ ಸರ್ಕಾರ ವಿದೇಶಿಯರ ಚಿಕಿತ್ಸಾ ಶುಲ್ಕ ಏರಿಸಿತು. ಬಡಾವಣೆಯ ಮುಸ್ತವ್ಸಫ್‌ನಲ್ಲಿ, ಅಂದರೆ ಸರ್ಕಾರಿ ಚಿಕಿತ್ಸಾಲಯದಲ್ಲಿ, ಒಂದು ದಿನಾರ್ ಇದ್ದದ್ದು ಎರಡಾಯಿತು. 2022ರ ಡಿಸೆಂಬರ್‌ನಲ್ಲಿ ಔಷಧಿಗೆಂದು ಇನ್ನೂ ಐದು ದಿನಾರ್ ಸೇರಿತು. ಒಂದು ಜ್ವರಕ್ಕೆ ಏಳು ದಿನಾರ್, ನಮ್ಮ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿಯ ಆಸುಪಾಸು. ಖಾಸಗಿ ಕಂಪನಿಗಳ ಕಾರ್ಮಿಕರಿಗೆ ಅಲ್ಲಿನ ಸರ್ಕಾರ 2017ರಲ್ಲಿ ಗೊತ್ತುಪಡಿಸಿದ ಕನಿಷ್ಠ ಸಂಬಳ ತಿಂಗಳಿಗೆ 75 ದಿನಾರ್. ಮನೆಗೆಲಸದವರಿಗೆ 2016ರಲ್ಲಿ ಗೊತ್ತಾದದ್ದು 60. ಒಂದು ಸಲ ಡಾಕ್ಟರ ಮುಖ ನೋಡಿದರೆ ಸಂಬಳದ ಹತ್ತನೇ ಒಂದು ಪಾಲು ಹೋಯಿತು. ಇದು ವರ್ಷಾವರ್ಷ ಆರೋಗ್ಯ ವಿಮೆಯ ಹಣ ಕಟ್ಟಿಸಿಕೊಂಡ ಮೇಲಿನ ಮಾತು. ಅರ್ಧ ದಿನದ ಗೈರುಹಾಜರಿ, ಮೇಲಧಿಕಾರಿ ಮುದೀರನ ಬೈಗುಳ ಬೇರೆ. ಇಕಾಮಾ, ಅಂದರೆ ವಾಸದ ಪರವಾನಗಿ, ಮುಗಿದಿದ್ದರಂತೂ ಕೌಂಟರಿನಲ್ಲಿ ಗುರುತಿನ ಚೀಟಿ ಬತಾಕಾ ಕೇಳುತ್ತಾರೆಂಬ ಭಯಕ್ಕೇ ಕಾಲು ಅತ್ತ ಏಳುವುದಿಲ್ಲ. ಇಂಥವನಿಗೆ ‘ಸಿಸ್ಟರ್ ಹತ್ತಿರ ಹೋಗಬೇಡ, ಕಾನೂನು’ ಎಂದು ಬುದ್ಧಿ ಹೇಳುವವರು ಮೊದಲು ಏಳು ದಿನಾರ್ ಎಣಿಸಿ ಅವನ ಕೈಗಿಡಲಿ.

ಹಾಗೆಂದು ಮನೆಯೊಳಗಿನ ಮದ್ದಿನ ಈ ವ್ಯವಸ್ಥೆಯನ್ನು ಸೇವೆಯೆಂದು ಮೆರೆಸುವುದೂ ಆಗದ ಮಾತು. 2016ರ ಜುಲೈ 21ರಂದು ಕುವೈತ್‌ನ ಮಿತ್ರಿಬಾದಲ್ಲಿ 53.9 ಡಿಗ್ರಿ ಉಷ್ಣಾಂಶ ದಾಖಲಾಗಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಬಯಲಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವೇ ಇರುವ ದೇಶ ಅದು. ಆ ಬಿಸಿಲಲ್ಲಿ ದುಡಿದು ಮೈಯ ನೀರೆಲ್ಲ ಬತ್ತಿದವನು ಸೊಂಟ ನೋವೆಂದು ಬಂದಾಗ ಕೈಗೆ ಸಿಗುವುದು ಡೈಕ್ಲೋಫಿನಾಕ್. ನೀರಿಲ್ಲದೆ ಸೊರಗಿದ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಆ ಮಾತ್ರೆ ಇನ್ನಷ್ಟು ಇಳಿಸುತ್ತದೆ. ನೋವು ಹೋಯಿತೆಂದು ಅವನು ಮರುದಿನವೂ ಅದೇ ಬಿಸಿಲಿಗೆ ಇಳಿಯುತ್ತಾನೆ, ಸಂಜೆ ಮತ್ತೆ ಅದೇ ಮಾತ್ರೆ. ಕೆಡುಕು ತಿಳಿಯುವ ಹೊತ್ತಿಗೆ ಅವನು ಊರಿನ ಡಯಾಲಿಸಿಸ್ ಮಂಚದ ಮೇಲಿರಬಹುದು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನನ್ನ ರೂಮಿನಲ್ಲಿ ಕುಂದಾಪುರ ಕಡೆಯ ಡ್ರೈವರ್ ಒಬ್ಬರಿದ್ದರು, ನನಗಿಂತ ಹತ್ತು ವರ್ಷ ಹಿರಿಯರು. ಒಂದು ರಾತ್ರಿ ಎದೆಯುರಿ, ಬೆವರು. ಸಿಸ್ಟರ್ ರಾತ್ರಿ ಪಾಳಿಯಲ್ಲಿದ್ದರು. ಅವರ ಮನೆಯವರಿಂದ ಡಬ್ಬಿ ಇಸಿದುಕೊಂಡು ‘ಗ್ಯಾಸ್ ಅಣ್ಣ, ಏನಾಗಲ್ಲ’ ಎಂದು ಮಾತ್ರೆ ನುಂಗಿಸಿದವನು ನಾನು. 112ಕ್ಕೆ ಫೋನ್ ಹೋದದ್ದು ಬೆಳಗಿನ ಜಾವ. ಅವರು ಬದುಕಿದರು, ಆದರೆ ಹೃದಯದ ಬಲ ಅರ್ಧಕ್ಕಿಳಿದು ಸ್ಟೀರಿಂಗ್ ಬಿಟ್ಟು ಊರು ಸೇರಿದರು. ಸಿಸ್ಟರ್ ಇದ್ದಿದ್ದರೆ ಮುಖ ನೋಡಿದ ಕೂಡಲೇ ಆಂಬುಲೆನ್ಸ್ ಕರೆಸುತ್ತಿದ್ದರು. ಆದರೆ ಆ ಮಹಡಿಯವರಿಗೆಲ್ಲ ವರ್ಷಗಟ್ಟಲೆ ಒಂದೇ ಪಾಠವಾಗಿತ್ತು: ಕಾಯಿಲೆಯೆಂದರೆ ಡಬ್ಬಿ. ಸಿಸ್ಟರ್ ಇಲ್ಲದ ರಾತ್ರಿಯೂ ನನ್ನ ಕೈ ಹೋದದ್ದು ಅದಕ್ಕೇ.

ಈ ಏರ್ಪಾಟಿನಿಂದ ಲಾಭ ಯಾರಿಗೆ? ರೋಗಿಗಲ್ಲ, ಸಿಸ್ಟರ್‌ಗಂತೂ ಅಲ್ಲವೇ ಅಲ್ಲ. ಪರವಾನಗಿ ಇಲ್ಲದ ಚಿಕಿತ್ಸೆ ಅಲ್ಲಿ ಅಪರಾಧ. ಆಸ್ಪತ್ರೆಯ ಲೈಸೆನ್ಸ್ ಮನೆಯ ಹೊಸ್ತಿಲೊಳಗೆ ನಡೆಯುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಕುವೈತ್‌ನ ಮಾಲಿಯಾದ ಖಾಸಗಿ ಕ್ಲಿನಿಕ್ ಒಂದರಲ್ಲಿ ನಡೆದ ತಪಾಸಣೆಯಲ್ಲಿ ಮೂವತ್ತಕ್ಕೂ ಹೆಚ್ಚು ಭಾರತೀಯರು ಬಂಧನಕ್ಕೊಳಗಾಗಿ ಮೂರು ವಾರ ಕಂಬಿ ಎಣಿಸಿದರು. ಅವರಲ್ಲಿ ಎದೆಹಾಲು ಕುಡಿಸುವ ತಾಯಂದಿರೂ ಇದ್ದರು. ಬೋರ್ಡು ಹಾಕಿಕೊಂಡ ಕ್ಲಿನಿಕ್ಕಿನಲ್ಲೇ ಹೀಗಾದರೆ ಬಿಸ್ಕತ್ತಿನ ಡಬ್ಬಿಗೆ ಯಾವ ರಕ್ಷಣೆ? ಅದರಲ್ಲಿ ಟ್ರಮಡಾಲೋ ಕೊಡೀನ್ ಇರುವ ಕೆಮ್ಮಿನ ಸಿರಪ್ಪೋ ಸಿಕ್ಕಿತೆಂದರೆ ಪ್ರಕರಣ ಮಾದಕ ವಸ್ತುವಿನದಾಗುತ್ತದೆ. ಲಾಭವೆಲ್ಲ ಕಂಪನಿಗೆ. ಕಾರ್ಮಿಕ ರಜೆ ಹಾಕುವುದಿಲ್ಲ, ಗಾಯ ದಾಖಲೆಗೆ ಬರುವುದಿಲ್ಲ, ಪರಿಹಾರದ ಮಾತು ಏಳುವುದಿಲ್ಲ. ಆಮೇಲಿನ ಲಾಭ ಅಲ್ಲಿನ ನಮ್ಮ ಕನ್ನಡ ಸಂಘಗಳಿಗೆ. ‘ನಮ್ಮವರನ್ನು ನಾವೇ ನೋಡಿಕೊಳ್ಳುತ್ತೇವೆ’ ಎಂದು ವೇದಿಕೆಯ ಮೇಲೆ ಬೀಗುತ್ತೇವೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಇನ್ನು ನಮ್ಮ ಸರ್ಕಾರ. ಸಂಕಷ್ಟದಲ್ಲಿರುವ ಭಾರತೀಯರ ತುರ್ತು ಚಿಕಿತ್ಸೆಗೂ ನೆರವಾಗಲೆಂದು 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಆರಂಭವಾಯಿತು. ಅದು ರಾಯಭಾರ ಕಚೇರಿಯಲ್ಲೇ ಇದೆ. ಹತ್ತನೇ ತರಗತಿ ಮುಗಿಸದೆ ಕೊಲ್ಲಿಗೆ ಹೊರಟ ಕಾರ್ಮಿಕನಿಗೆ ಪ್ರವಾಸಿ ಭಾರತೀಯ ವಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸತ್ತರೆ 10 ಲಕ್ಷ, ಆಸ್ಪತ್ರೆಗೆ ಸೇರಿದರೆ ಒಂದು ಲಕ್ಷದವರೆಗೆ ಖರ್ಚು. ನಾನು ಅಲ್ಲಿದ್ದ ಹನ್ನೊಂದು ವರ್ಷದಲ್ಲಿ ನನ್ನ ಕಟ್ಟಡದಲ್ಲಿ ಈ ವಿಮೆಯ ಹೆಸರು ಹೇಳಿದವನು ಒಬ್ಬನೂ ಸಿಗಲಿಲ್ಲ. ಏಜೆಂಟ್ ಕಟ್ಟಿಸಿದ ಪಾಲಿಸಿಯ ಕಾಗದ ಸೂಟ್‌ಕೇಸಿನ ತಳದಲ್ಲೇ ಉಳಿದಿರುತ್ತದೆ. ವಿಮಾನ ಹತ್ತಿಸುವ ಮುನ್ನ ಆ ಕಾಗದವನ್ನು ಕನ್ನಡದಲ್ಲಿ ಓದಿ ಹೇಳುವ ಒಂದು ಗಂಟೆಯ ಕೆಲಸವನ್ನು ಕರ್ನಾಟಕದ ಅನಿವಾಸಿ ಭಾರತೀಯ ಸಮಿತಿ ಮಂಗಳೂರಲ್ಲೂ ಕಲಬುರಗಿಯಲ್ಲೂ ಮಾಡಿಸಬಹುದು.

ನೆರೆಯವರಾಗಿ ಮಾಡಬೇಕಾದ್ದು ಬೇಕಾದಷ್ಟಿದೆ. ಬಿಪಿ ನೋಡಿ, ಗಾಯ ತೊಳೆಯಿರಿ, ಉಪ್ಪು ಸಕ್ಕರೆಯ ನೀರು ಕುಡಿಸಿ, ‘ಇದು ಆಸ್ಪತ್ರೆಯ ಕಾಯಿಲೆ’ ಎಂದು ಗದರಿಸಿ ಎಬ್ಬಿಸಿ. ಸೂಜಿ, ಡ್ರಿಪ್, ಆ್ಯಂಟಿಬಯಾಟಿಕ್ ಮಾತ್ರ ಫ್ಲ್ಯಾಟಿನೊಳಗೆ ಬೇಡ, ಎಷ್ಟೇ ನುರಿತ ಕೈಯಿದ್ದರೂ ಬೇಡ. ಉಳಿದ ಕೆಲಸಕ್ಕೆ ನರ್ಸಿಂಗ್ ಓದಿರಬೇಕಾಗಿಲ್ಲ. ಜೊತೆಗೆ ಹೋಗುವವರು ಬೇಕು, ಅರಬ್ಬಿಯಲ್ಲಿ ನಾಲ್ಕು ಮಾತು ಆಡುವವರು ಬೇಕು, ಏಳು ದಿನಾರ್ ಕಟ್ಟುವವರು ಬೇಕು. ಒಂದು ರಾಜ್ಯೋತ್ಸವದ ಹಾಲ್ ಬಾಡಿಗೆ, ಊರಿಂದ ಕರೆಸುವ ಕಲಾವಿದರ ವಿಮಾನ ಟಿಕೆಟ್ ಸೇರಿಸಿದರೆ ಎಷ್ಟು ಜನರ ಮುಸ್ತವ್ಸಫ್ ಚೀಟಿಯಾಗುತ್ತದೆ ಎಂದು ಖಜಾಂಚಿಗಳು ಒಮ್ಮೆ ಲೆಕ್ಕ ಹಾಕಲಿ. ಹಾಡು ಕುಣಿತ ಬೇಡವೆಂದಲ್ಲ, ಅದರ ಕಾಲು ಭಾಗ ಸಾಕು.

ನಾನು ಊರಿಗೆ ಮರಳುವ ವರ್ಷ ಸಂಘವೊಂದು ಸಿಸ್ಟರನ್ನು ಸನ್ಮಾನಿಸಿತು. ಹಾರ, ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ, ಫೋಟೊ. ವಾಪಸ್ಸು ಬರುವಾಗ ಲಿಫ್ಟ್ ಕೆಟ್ಟಿತ್ತು. ಬುಟ್ಟಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದವರನ್ನು ‘ಖುಷಿಯಾಯ್ತಾ ಸಿಸ್ಟರ್?’ ಎಂದು ಕೇಳಿದೆ. ಒಂದು ಮೆಟ್ಟಿಲಲ್ಲಿ ನಿಂತು ಉಸಿರು ಬಿಟ್ಟರು.

‘ಶಾಲು ಇದು ನಾಲ್ಕನೇದು ಮಾರಾಯ್ರೆ. ರಾತ್ರಿ ಹನ್ನೆರಡಕ್ಕೆ ಯಾರನ್ನಾದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಾದ್ರೆ ಗಾಡಿ ತರ್ತೇನೆ ಅಂತ ಒಬ್ರೂ ಹೇಳ್ಲಿಲ್ಲ.’