ನಮ್ಮೋರ ಹೋಟ್ಲಿಗೆ ಬೋರ್ಡ್ ಯಾಕಿಲ್ಲ?



ಹಾಸ್ಟೆಲ್ ಹುಡುಗರು ನಾಲ್ಕು ಜನ ಸೇರಿದರೆ ಬರೋದು ಎರಡೇ ಮಾತು. ಸ್ಕಾಲರ್‌ಶಿಪ್ ದುಡ್ಡು ಯಾವಾಗ ಬರುತ್ತೆ? ಬಂದರೆ ಯಾವ ಹೋಟ್ಲಿಗೆ ಹೋಗೋಣ? ಮೊದಲನೆಯದಕ್ಕೆ ಉತ್ತರ ಯಾರಿಗೂ ಗೊತ್ತಿಲ್ಲ. ಎರಡನೆಯದಕ್ಕೆ ಎಲ್ಲರೂ ಪಂಡಿತರು. ಶಿವಮೊಗ್ಗದ ಮೀನಾಕ್ಷಿ ಭವನದ ದೋಸೆ ಮೇಲೋ, ಭದ್ರಾವತಿ ರಂಗಪ್ಪ ಸರ್ಕಲ್ ಕಡೆಯ ಗಾಡಿ ಮಿರ್ಚಿ ಮೇಲೋ ಅಂತ ರಾತ್ರಿ ಹನ್ನೊಂದರ ತನಕ ವಾದ. ಮೆಸ್ಸಿನ ಅನ್ನ ಸಾರು ಉಂಡು ಮಲಗಿದ ಹೊಟ್ಟೆಗೆ ಬಾಯಿಮಾತಿನ ದೋಸೆಯೇ ಗತಿ.

ನನ್ನ ಅಭಿಪ್ರಾಯವನ್ನೂ ಹೇಳಿಬಿಡ್ತೀನಿ. ದೋಸೆಗೆ ಶಿವಮೊಗ್ಗ, ಮಾಂಸದೂಟಕ್ಕೆ ಭದ್ರಾವತಿ. ಭದ್ರಾವತಿ ಕಾರ್ಖಾನೆ ಊರು. 1918ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರುವಾದಾಗಿನಿಂದ ತಮಿಳರು, ತೆಲುಗರು, ಮಲಯಾಳಿಗಳು ಬಂದು ಸೇರಿದ ಊರು. ಅಲ್ಲಿ ಸಾರಿಗೂ ನಾಲ್ಕು ಭಾಷೆ ಬರುತ್ತೆ. ಕೂಲಿಯವನ ನಾಲಿಗೆಗೆ ತಕ್ಕ ಖಾರ ಹಾಕ್ತಾರೆ. ಶಿವಮೊಗ್ಗದ ಹೋಟ್ಲಿನ ಸಾಂಬಾರಿಗೆ ಬೆಲ್ಲ ಸ್ವಲ್ಪ ಜಾಸ್ತಿ ಅಂತ ನನ್ನ ದೂರು. ಬೇಡ ಅನ್ನೋರು ವಾದಕ್ಕೆ ಬನ್ನಿ.

ಇದನ್ನೆಲ್ಲ ಹೀಗೆ ಹಗುರವಾಗಿ ಮಾತಾಡೋಕೆ ನಮಗೆ ಆಗ್ತಿದೆ ಅಂದ್ರೆ ಅದು ಪುಕ್ಕಟೆ ಬಂದದ್ದಲ್ಲ. ನಮ್ಮಜ್ಜ ತನ್ನ ಊರಿನ ಹೋಟ್ಲಲ್ಲಿ ಟೀ ಕುಡೀತಿದ್ದದ್ದು ಸೂರಿಗೆ ಸಿಕ್ಕಿಸಿಟ್ಟ ಲೋಟದಲ್ಲಿ. ಹೊರಗೆ ಕುಕ್ಕರಗಾಲಲ್ಲಿ ಕೂರಬೇಕು. ಮೇಲಿನಿಂದ ಸುರೀತಾರೆ. ಕುಡಿದು ತಾನೇ ತೊಳೆದು ಮತ್ತೆ ಸೂರಿಗೆ ಸಿಕ್ಕಿಸಬೇಕು. ಕೂಲಿಗೆ ಅಂತ ಭದ್ರಾವತಿಗೆ ಬಂದ ಮೊದಲನೇ ದಿನ ಯಾವುದೋ ಹೋಟ್ಲಲ್ಲಿ ಬೆಂಚಿನ ಮೇಲೆ ಕೂತು ಟೀ ಕುಡಿದನಂತೆ. ಕುಡಿದಾದ ಮೇಲೆ ರೂಢಿಯಂತೆ ಲೋಟ ಹಿಡಿದು ತೊಳೆಯೋಕೆ ಎದ್ದ. ಸಪ್ಲೈಯರ್ ಹುಡುಗ ಕಸಕೊಂಡು, "ಇಡ್ರಿ ಯಜಮಾನ್ರೆ, ಅದು ನನ್ ಕೆಲ್ಸ" ಅಂದನಂತೆ. ಈ ಕತೆ ಹೇಳಿ ಹೇಳಿ ಅಜ್ಜ ಸಾಯೋ ತನಕ ನಗ್ತಿದ್ದ. ತನ್ನ ಮದುವೆ ಕತೆ ಹೇಳುವಾಗಲೂ ಅಷ್ಟು ನಕ್ಕದ್ದು ನಾನು ನೋಡಿಲ್ಲ.

ಸಂವಿಧಾನದ 15ನೇ ವಿಧಿಯಲ್ಲಿ ಹೋಟೆಲ್ ಅನ್ನೋ ಪದ ಇದೆ, ಗೊತ್ತಾ? ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ ಅಂತ ಬಿಡಿಸಿ ಬಿಡಿಸಿ ಬರೆದಿದ್ದಾರೆ. ಎಲ್ಲಿ ನಮ್ಮನ್ನ ಹೊರಗೆ ನಿಲ್ಲಿಸ್ತಿದ್ದರೋ ಅದನ್ನೆಲ್ಲ ಹೆಸರು ಹಿಡಿದು ಬರೆದ ಪಟ್ಟಿ ಅದು. 1955ರ ಅಸ್ಪೃಶ್ಯತಾ ಕಾಯ್ದೆಯಂತೂ ಹೋಟ್ಲಿನ ತಟ್ಟೆ ಲೋಟಗಳ ತನಕ ಹೋಗುತ್ತೆ. ಕಾಯ್ದೆ ಬಂದ ಮೇಲೂ ಹಳ್ಳಿಗಳಲ್ಲಿ ಲೋಟ ಎರಡೇ ಇದ್ದವು. 1970ರ ದಶಕದಲ್ಲಿ ಇದೇ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಕಾಲೇಜಿನಲ್ಲಿ ಪಾಠ ಹೇಳ್ತಾ ಹುಡುಗರನ್ನ ಕಟ್ಟಿಕೊಂಡು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಹಳ್ಳಿ ಹಳ್ಳಿಯಲ್ಲಿ ಹೋಟ್ಲೊಳಗೆ ಹೋಗಿ ಕೂತು ಟೀ ಕೇಳೋದೇ ಆವತ್ತು ಚಳವಳಿ. ಟೀ ಬದಲು ಏಟು ತಿಂದು ಬಂದೋರೂ ಇದ್ದಾರೆ. ಈಗ ಕೆಲವು ಹಳ್ಳಿಗಳಲ್ಲಿ ಹೊಸ ಉಪಾಯ ಬಂದಿದೆ. ಊರೋರಿಗೆ ಸ್ಟೀಲ್ ಲೋಟ, ಕೇರಿಯೋರಿಗೆ ಪೇಪರ್ ಕಪ್ಪು. ಕೇಳಿದರೆ, "ನಿಮ್ಗೇ ಕ್ಲೀನಾಗಿರ್ಲಿ ಅಂತ" ಅಂತಾರೆ! ಕುಡಿದು ಎಸೆದರಾಯ್ತು, ತೊಳೆಯೋ ಜಗಳವೇ ಇಲ್ಲ.

ಇರಲಿ. ಪಟ್ಟಣದ ಹೋಟ್ಲಲ್ಲಿ ಕೂರೋದು ಬಹುಮಟ್ಟಿಗೆ ಗೆದ್ದಾಯ್ತು ಅಂತಿಟ್ಟುಕೊಳ್ಳೋಣ. ದುಡ್ಡು ಕೊಟ್ಟರೆ ದೋಸೆ ಬರುತ್ತೆ. ನಾವು ಗಿರಾಕಿಗಳಾದೆವು. ಗಲ್ಲಾ ಪೆಟ್ಟಿಗೆ ಹಿಂದೆ ಎಷ್ಟು ಜನ ಕೂತಿದೀವಿ?

ಬೀದಿಯಲ್ಲಿ ನಡೀತಾ ಬೋರ್ಡ್ ಓದ್ತಾ ಹೋಗಿ. ಅಯ್ಯಂಗಾರ್ ಬೇಕರಿ. ಗೌಡ್ರ ಮನೆ ಊಟ. ಶೆಟ್ರ ಲಂಚ್ ಹೋಮ್. ಲಿಂಗಾಯತ ಖಾನಾವಳಿ. ನಾಯ್ಡು ಮೆಸ್. ರೆಡ್ಡಿ ಬಿರಿಯಾನಿ. 1957ರಲ್ಲಿ ಮದರಾಸಿನ ಟ್ರಿಪ್ಲಿಕೇನ್‌ನಲ್ಲಿ ಒಂದು ಹೋಟ್ಲಿನ ಬೋರ್ಡಿನಿಂದ 'ಬ್ರಾಹ್ಮಣ' ಅನ್ನೋ ಪದ ತೆಗೀಬೇಕು ಅಂತ ಪೆರಿಯಾರ್ ಚಳವಳಿ ಹೂಡಿದರು. ಜನ ಜೈಲಿಗೆ ಹೋದರು. ನಮ್ಮ ಬೆಂಗಳೂರಿನ ಶಂಕರಪುರದಲ್ಲಿ 1965ರ ಬ್ರಾಹ್ಮಿನ್ಸ್ ಕಾಫಿ ಬಾರ್ ಇವತ್ತಿಗೂ ಅದೇ ಹೆಸರಲ್ಲಿದೆ. ಪರೀಕ್ಷೆ ಬರೆಯೋಕೆ ಹೋದಾಗ ನಾನೂ ನಿಂತು ತಿಂದೆ. ಚಟ್ನಿ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ? ಆದರೆ ಒಂದು ಯೋಚನೆ ಮಾಡಿ. ಇವರೆಲ್ಲ ಜಾತಿ ಹೆಸರನ್ನ ಬೋರ್ಡಿಗೆ ಹಾಕೋದು ಯಾಕೆ? ಹಾಕಿದರೆ ಗಿರಾಕಿ ಬರ್ತಾರೆ ಅಂತ. ಆ ಜಾತಿ ಅಂದರೆ ರುಚಿ, ಆ ಜಾತಿ ಅಂದರೆ ಶುಚಿ ಅಂತ ಜನರ ತಲೇಲಿ ಕೂತಿದೆ. ಈಗ ನೀವು 'ಹೊಲೇರ ಮನೆ ಊಟ', 'ಮಾದಿಗರ ಖಾನಾವಳಿ' ಅಂತ ಒಂದು ಬೋರ್ಡ್ ಬರೆಸಿ ನೋಡೋಣ. ಪೇಂಟರೇ ಬರೆಯೋಕೆ ಹಿಂದೆ ಮುಂದೆ ನೋಡ್ತಾನೆ. ನಮ್ಮ ಅವ್ವಂದಿರು ಮಾಡೋ ಸಾರಿಗೆ ಏನು ಕಮ್ಮಿ? ಕೇರಿಯ ಅಡಿಗೆ ಯಾವ ಮೆನು ಕಾರ್ಡಿನಲ್ಲೂ ಇಲ್ಲ. 2020ರ ಜಾನುವಾರು ಹತ್ಯೆ ಕಾಯ್ದೆ ಬಂದ ಮೇಲಂತೂ ಅದರಲ್ಲಿ ಅರ್ಧ ಅಡಿಗೆಯ ಹೆಸರೇ ಎತ್ತೋಹಾಗಿಲ್ಲ. ಆ ಮಾತು ಇನ್ನೊಂದು ಸಲ.

ಈಗ ಮಾಚೇನಹಳ್ಳಿಗೆ ಬರ್ತೀನಿ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಬಿ.ಎಚ್. ರಸ್ತೆಯಲ್ಲಿ ಬಸ್ಸಿನಿಂದ ನೋಡಿದ್ದೀರಿ. ಹಾಲಿನ ಡೈರಿ, ಕೈಗಾರಿಕಾ ಪ್ರದೇಶ, ಶಿಫ್ಟ್ ಬಿಟ್ಟಾಗ ರಸ್ತೆ ತುಂಬ ಜನ. ಅಲ್ಲಿ ಹೋಟ್ಲು ಅಂದರೆ ತಗಡಿನ ಶೆಡ್ಡು, ತಳ್ಳುಗಾಡಿ. ನಿಂತು ತಿನ್ನೋದು, ಕೈ ತೊಳೆದು ಓಡೋದು. ಅಲ್ಲೊಂದು ಗಾಡಿ ನನ್ನ ಚಿಕ್ಕಪ್ಪಂದು. ಗುತ್ತಿಗೆ ಕೂಲಿ ಹೋದ ಮೇಲೆ ಚಿಕ್ಕಮ್ಮನ ಓಲೆ ಅಡ ಇಟ್ಟು ಗಾಡಿ ಮಾಡಿಸಿದರು. ಇಡ್ಲಿ, ಚಿತ್ರಾನ್ನ, ಪಲಾವ್. ಚಿಕ್ಕಮ್ಮ ರಾತ್ರಿ ಮೂರಕ್ಕೆ ಎದ್ದು ಒಲೆ ಹಚ್ಚುತ್ತೆ. ಹಸಿಮೆಣಸು, ಹುರಿಗಡಲೆ, ಒಂದು ಚೂರು ಹುಣಿಸೆ, ಅದರ ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಆ ಚಟ್ನಿಗೆ ಅಂತಲೇ ಡಬ್ಬಿ ತರೋ ಗಿರಾಕಿಗಳಿದ್ದರು.

ಬೋರ್ಡ್ ಬರೆಸೋ ದಿನ ನಾನೂ ಇದ್ದೆ. "ಅಂಬೇಡ್ಕರ್ ಟಿಫಿನ್ ಸೆಂಟರ್ ಅಂತ ಬರ್ಸು ಚಿಕ್ಕಪ್ಪ" ಅಂದೆ. ಚಿಕ್ಕಪ್ಪ ಪೇಂಟರ್ ಕಡೆ ತಿರುಗಿ, "ಶ್ರೀ ಅನ್ನಪೂರ್ಣೇಶ್ವರಿ ಅಂತ ಬರೀಪ್ಪ" ಅಂದರು. ನನಗೆ ಸಿಟ್ಟು ಬಂತು. ಬಿ.ಎ. ಮುಗಿಸಿದ್ದೆ, ಎರಡು ಕವಿಗೋಷ್ಠಿಯಲ್ಲಿ ಚಪ್ಪಾಳೆ ಬೇರೆ ಬಿದ್ದಿತ್ತು. ಅಲ್ಲೇ ಭಾಷಣ ಶುರು ಮಾಡಿದೆ. ಚಿಕ್ಕಪ್ಪ ಮೀಟಿಂಗ್ ಮೀಟಿಂಗಿಗೆ ಜಮಖಾನ ಹಾಸಿದ ಮನುಷ್ಯ. ಸಮಾಧಾನದಿಂದ ಕೇಳಿ ಆಮೇಲೆ ಅಂದರು: "ಬಾಬಾಸಾಹೇಬ್ರು ಬಡೋದೆಗೆ ಕೆಲ್ಸಕ್ಕೆ ಹೋದಾಗ ಏನ್ ಹೆಸ್ರು ಹೇಳಿ ಇಳ್ಕೊಂಡಿದ್ರು, ಗೊತ್ತೇನ್ಲಾ ನಿಂಗೆ?"

ಗೊತ್ತಿತ್ತು. 1917ರ ಮಾತು. ಅಮೆರಿಕದಲ್ಲಿ ಓದಿ ಬಂದ ಅಂಬೇಡ್ಕರ್‌ಗೆ ಬಡೋದೆಯ ಹಿಂದೂ ಹೋಟೆಲಿನಲ್ಲಿ ಜಾಗ ಇರಲಿಲ್ಲ. ಪಾರ್ಸಿ ಹೆಸರು ಹೇಳಿ ಪಾರ್ಸಿಗಳ ವಸತಿಗೃಹದಲ್ಲಿ ಇಳಿದರು. ಕೆಲವೇ ದಿನ. ದೊಣ್ಣೆ ಹಿಡಿದವರು ಬಂದು ಸಂಜೆಯೊಳಗೆ ಖಾಲಿ ಮಾಡು ಅಂದರು. "ಕೊನೇಗೆ ಗೊತ್ತಾಯ್ತಲ್ಲ ಚಿಕ್ಕಪ್ಪ" ಅಂದೆ. "ಗೊತ್ತಾಗೋ ತನ್ಕನಾದ್ರೂ ಇಡ್ಲಿ ಮಾರ್ತೀನಿ ಬಿಡ್ಲಾ" ಅಂದರು. ಬಾಬಾಸಾಹೇಬರ ಪಟ ಗಲ್ಲಾ ಪೆಟ್ಟಿಗೆ ಮುಚ್ಚಳದ ಒಳಗೆ ಅಂಟಿಕೊಂಡಿತು. ಚಿಲ್ಲರೆ ಕೊಡುವಾಗ ಮುಚ್ಚಳ ತೆಗೆದರೆ ಚಿಕ್ಕಪ್ಪನಿಗೆ ಮಾತ್ರ ಕಾಣೋದು.

ಹೋದ ವರ್ಷ ಏಪ್ರಿಲ್‌ನಲ್ಲಿ ನಾನೇ ಹಟ ಹಿಡಿದೆ. 14ರ ಜಯಂತಿಗೆ ಕೇರಿಯಲ್ಲಿ ಮೆರವಣಿಗೆ, ಗಾಡಿಗೆ ರಜೆ. ಆವತ್ತು ದೊಡ್ಡ ಪಟ ತಂದು, ಹಾರ ಹಾಕಿ, ಗಾಡಿಯ ಮುಂದಿನ ಕಂಬಕ್ಕೆ ಕಟ್ಟಿದೆ. 15ನೇ ತಾರೀಕು ಬೆಳಿಗ್ಗೆ ಗಾಡಿ ನಿಂತಾಗ ಪಟ ಇತ್ತು.

ಯಾರೂ ಏನೂ ಅನ್ನಲಿಲ್ಲ. ಜಗಳ ಇಲ್ಲ, ಬೈಗುಳ ಇಲ್ಲ. ಬೈದಿದ್ದರೆ ಕೇಸು ಹಾಕಬಹುದಿತ್ತು, ಬುಲೆಟಿನ್ನಿನಲ್ಲಿ ಬರೆಯಬಹುದಿತ್ತು. ದಿನಾ ನಾಲ್ಕು ಇಡ್ಲಿ ತಿಂದು "ಅಮ್ಮಾ, ಇನ್ನೊಂಚೂರು ಚಟ್ನಿ" ಅಂತ ತಟ್ಟೆ ಒಡ್ಡುತ್ತಿದ್ದ ಒಬ್ಬ ಸೂಪರ್‌ವೈಸರ್ ಪಟ ನೋಡಿದ, ಗಡಿಯಾರ ನೋಡಿದ, "ಇವತ್ತು ಉಪವಾಸ" ಅಂದ. ಮಾರನೇ ದಿನ ಇಪ್ಪತ್ತು ಮಾರು ಆಚೆ ಬೇರೆ ಗಾಡಿಯಲ್ಲಿ ತಿಂತಾ ಇದ್ದ. ಒಬ್ಬ ಹಿಟ್ಟು ಹುಳಿ ಬಂದಿದೆ ಅಂದ. ಅದೇ ಹಿಟ್ಟು, ಅದೇ ಕೈ! ಎಲ್ಲರೂ ಹೋದರು ಅಂತ ಬರೆದರೆ ಸುಳ್ಳಾಗುತ್ತೆ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬರೋದು ಬಿಡಲಿಲ್ಲ. ಲಾರಿಯೋರು ಬಿಡಲಿಲ್ಲ. ಆದರೂ ನೆನೆ ಹಾಕೋ ಅಕ್ಕಿ ನಾಲ್ಕು ಸೇರಿನಿಂದ ಎರಡೂವರೆಗೆ ಇಳೀತು. ಉಳಿದ ಇಡ್ಲಿ ಮನೆಗೆ ಬಂದು, ರಾತ್ರಿ ಉಪ್ಪಿಟ್ಟಾಗಿ ನನ್ನ ತಟ್ಟೆಗೇ ಬೀಳ್ತಿತ್ತು. ಆ ಉಪ್ಪಿಟ್ಟಿನ ರುಚಿ ಬಗ್ಗೆ ಮಾತ್ರ ನನ್ನ ಹತ್ತಿರ ಅಭಿಪ್ರಾಯ ಇಲ್ಲ.

ಕಾನೂನು ಅವರ ಹೋಟ್ಲೊಳಕ್ಕೆ ನಮ್ಮನ್ನ ಬಿಡಿಸುತ್ತೆ. ನಮ್ಮ ಗಾಡಿಗೆ ಬಾರದೆ ಉಪವಾಸ ಅಂದೋನ ಮೇಲೆ ಯಾವ ಕೇಸು ಹಾಕ್ತೀರಿ?

ನೂರು ವರ್ಷದ ಹಿಂದೆ ಕೊಲ್ಲಾಪುರದಲ್ಲೂ ಹೀಗೇ ಆಗಿತ್ತು. ಅರಮನೆ ಲಾಯದಲ್ಲಿ ಕೆಲಸಕ್ಕಿದ್ದ ಗಂಗಾರಾಮ್ ಕಾಂಬ್ಳೆ ಅನ್ನೋ ಮಹಾರ್ ಮನುಷ್ಯ. ಮೇಲ್ಜಾತಿಯೋರ ನೀರಿನ ತೊಟ್ಟಿ ಮುಟ್ಟಿದ ಅಂತ ಅವನನ್ನ ಹೊಡೆದರು. ಶಾಹು ಮಹಾರಾಜರು ಅವನಿಗೆ ದುಡ್ಡು ಕೊಟ್ಟು ಊರೊಳಗೇ ಒಂದು ಚಹಾದಂಗಡಿ ಹಾಕಿಸಿದರು, ಸತ್ಯಸುಧಾರಕ ಹೋಟೆಲ್ ಅಂತ. ಅಂಗಡಿ ಆಯ್ತು, ಗಿರಾಕಿ ಇಲ್ಲ. ಆಗ ಮಹಾರಾಜರು ಆಜ್ಞೆ ಹೊರಡಿಸ್ತಾ ಕೂರಲಿಲ್ಲ. ಸಾರೋಟಿನಲ್ಲಿ ಅಂಗಡಿ ಮುಂದೆ ಬಂದು ನಿಂತು, ಗಂಗಾರಾಮನ ಕೈಯಿಂದ ಚಹಾ ತಗೊಂಡು ಎಲ್ಲರೆದುರಿಗೆ ಕುಡಿದರು. ಜೊತೆಗಿದ್ದವರಿಗೂ ಕುಡಿಸಿದರು. ರಾಜ ಕುಡಿದದ್ದನ್ನ ಬೇಡ ಅನ್ನೋಕೆ ಯಾರ ಜನಿವಾರಕ್ಕೆ ಧೈರ್ಯ?

ಮಾಚೇನಹಳ್ಳಿಗೆ ಮಹಾರಾಜರು ಬರೋದಿಲ್ಲ. ಎಲೆಕ್ಷನ್ ಹತ್ತಿರ ಬಂದಾಗ ಕೇರಿ ಮನೇಲಿ ಊಟ ಮಾಡಿ ಫೋಟೋ ತೆಗೆಸಿಕೊಳ್ಳೋ ನಾಯಕರು ಬರಬಹುದು. ಅವರ ತಟ್ಟೆ, ಅವರ ನೀರಿನ ಬಾಟಲಿ, ಕೆಲವು ಸಲ ಅವರ ತಿಂಡಿಯೂ ಜೊತೇಲೇ ಬರುತ್ತೆ.

ಅದಕ್ಕೇ ನಿಮಗೆ ಬರೀತಾ ಇದೀನಿ, ಹಾಸ್ಟೆಲ್ ಗೆಳೆಯರೆ. ಸಿಟ್ಟಾಗಬೇಡಿ. ನಮ್ಮ ಕೈಗೆ ದುಡ್ಡು ಬಂದ ದಿನ ನಾವೆಲ್ಲಿಗೆ ಹೋಗ್ತೀವಿ? ಎ.ಸಿ. ರೂಮಿಗೆ. ಗಾಜಿನ ಬಾಗಿಲಿಗೆ. ತಪ್ಪಿಲ್ಲ, ಅಜ್ಜಂದಿರು ಏಟು ತಿಂದು ತೆಗೆಸಿದ ಬಾಗಿಲು, ಧಾರಾಳ ಹೋಗಿ ಕಾಲ ಮೇಲೆ ಕಾಲು ಹಾಕಿ ಕೂತ್ಕೊಳ್ಳಿ. ಆದರೆ ನಮ್ಮೋರ ಗಾಡಿ ಕಂಡರೆ ಮುಖ ಯಾಕೆ ಆ ಕಡೆ ತಿರುಗುತ್ತೆ? "ಅಲ್ಲಿ ಸ್ಟಾಂಡರ್ಡ್ ಇಲ್ಲ ಮಾರಾಯ" ಅಂತ ನಾನೇ ಒಂದು ಸಲ ಕ್ಲಾಸ್‌ಮೇಟ್ ಒಬ್ಬನಿಗೆ ಅಂದಿದ್ದೆ. ಆ ಗಾಡಿ ಚಿಕ್ಕಪ್ಪಂದು ಅಂತ ಅವನಿಗೆ ಗೊತ್ತಾಗಬಾರದಿತ್ತು, ಅಷ್ಟೆ. ಇದನ್ನ ಬರೆಯೋದೋ ಬೇಡವೋ ಅಂತ ಎರಡು ರಾತ್ರಿ ಯೋಚಿಸಿದೆ. ಉಪವಾಸದ ಸೂಪರ್‌ವೈಸರ್‌ಗೂ ನನಗೂ ಆವತ್ತು ಎಷ್ಟು ದೂರ ಇತ್ತು ಅಂತ ನೀವೇ ಅಳೀರಿ.

ನಾವೂ ಜಾತಿ ಬೋರ್ಡ್ ಬರೆಸಿ ನಮ್ಮ ಜಾತಿಯೋರಿಗೆ ಮಾತ್ರ ಇಡ್ಲಿ ಮಾರೋಣ ಅಂತ ನಾನು ಹೇಳ್ತಿಲ್ಲ. ಹಾಗಾದರೆ ಟ್ರಿಪ್ಲಿಕೇನಿನ ಹೋಟ್ಲಿಗೂ ನಮಗೂ ಬಣ್ಣದ್ದಷ್ಟೇ ವ್ಯತ್ಯಾಸ. ಕಂಬದ ಮೇಲೆ ಬಾಬಾಸಾಹೇಬರ ಪಟ ಇರೋ ಗಾಡಿಯಲ್ಲೂ ಅನ್ನಪೂರ್ಣೇಶ್ವರಿ ಪಟ ಇರೋ ಗಾಡಿಯಷ್ಟೇ ಇಡ್ಲಿ ಖರ್ಚಾಗಬೇಕು. ನಾನು ಕೇಳ್ತಿರೋದು ಇಷ್ಟೇ.

ಪಟ ಇನ್ನೂ ಅಲ್ಲೇ ಇದೆ. ಅಕ್ಕಿ ಎರಡೂವರೆಗೆ ಇಳಿದಾಗ ನಾನೇ ಹೋಗಿ, "ತೆಗೆದು ಒಳಗಿಡ್ತೀನಿ ಚಿಕ್ಕಮ್ಮ, ನನ್ದೇ ತಪ್ಪು" ಅಂದೆ. ಸೌಟು ಹಿಡಿದಿದ್ದ ಚಿಕ್ಕಮ್ಮ ತಿರುಗಿ ನೋಡಿ, "ಕಟ್ಟೋವಾಗ ನನ್ನ ಕೇಳಿದ್ಯಾ? ಬಿಚ್ಚೋವಾಗ್ಲೂ ಕೇಳ್ಬೇಡ, ಸುಮ್ನೆ ಹೋಗು" ಅಂತು. ಚಿಕ್ಕಪ್ಪ ಏನೂ ಅನ್ನದೆ ಹಾರದ ಒಣಗಿದ ಹೂವು ಕಿತ್ತು ಹಾಕ್ತಾ ಇದ್ದರು.

ಬೆಳಿಗ್ಗೆ ಏಳಕ್ಕೆ ಮೊದಲ ಒಬ್ಬೆ ಇಡ್ಲಿ ಇಳಿಯುತ್ತೆ. ಶಿವಮೊಗ್ಗ–ಭದ್ರಾವತಿ ಬಸ್ಸಿನಲ್ಲಿ ಕಾಲೇಜಿಗೆ ಹೋಗೋರು ಒಂದು ದಿನ ಮಾಚೇನಹಳ್ಳಿಯಲ್ಲಿ ಇಳೀರಿ. ಕ್ಲಾಸ್‌ಮೇಟುಗಳನ್ನೂ ಕರಕೊಂಡು ಬನ್ನಿ, ಯಾವ ಜಾತಿಯೋರಾದ್ರೂ ಸರಿ. ಪಟ ನೋಡ್ಕೊಂಡು ಬಂದರೆ ಗಾಡಿ ಸಿಗುತ್ತೆ. ಚಟ್ನಿ ಖಾರ, ಮೊದಲೇ ಹೇಳಿದೀನಿ. ದುಡ್ಡು ಕೊಟ್ಟು ತಿನ್ನಿ. ಸಾಲ ಮಾತ್ರ ಹೇಳಬೇಡಿ, ಚಿಕ್ಕಮ್ಮ ಅದನ್ನೆಲ್ಲ ನನ್ನ ಹೆಸರಿಗೆ ಬರಕೊಳ್ಳುತ್ತೆ.