ಆಂಟಿವೈರಸ್ ಆಫ್ ಮಾಡಿ ಎನ್ನಬೇಡಿ

ರಾಜ್ಯೋತ್ಸವ ಹತ್ತಿರ ಬಂತೆಂದರೆ ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯ ಬರಹಗಳು ಒಮಾನಿನ ಸಲಾಲಾ, ಸೊಹಾರ್‌ಗಳಿಂದ ರುವಿಯಲ್ಲಿರುವ ನನಗೆ ಬರತೊಡಗುತ್ತವೆ. ಕಿರಿಯರದ್ದು ಯೂನಿಕೋಡ್, ಹಿರಿಯರಲ್ಲಿ ಹಲವರದ್ದು ಇನ್ನೂ ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟು. ಅದನ್ನು ತಿದ್ದಲೆಂದು ಯಾವುದೋ ಜಾಲತಾಣದಿಂದ ಹಳೇ ತಂತ್ರಾಂಶ ಇಳಿಸಿಕೊಂಡರೆ ಆಂಟಿವೈರಸ್ ಹಿಡಿದು ಕ್ವಾರಂಟೈನ್‌ಗೆ ತಳ್ಳುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಕೂಡಲೇ ಸಲಹೆ: "ಆಂಟಿವೈರಸ್ ಆಫ್ ಮಾಡಿ, ಹಾಕ್ಕೊಳ್ಳಿ." ಈ ಸಲಹೆ ನಿಲ್ಲಬೇಕು.

ಆಂಟಿವೈರಸ್‌ಗೆ ಅನುಮಾನ ಬರುವುದು ಸುಮ್ಮನೆ ಅಲ್ಲ. ನಾವು ಒತ್ತುವ ಪ್ರತಿ ಕೀಲಿಯನ್ನೂ ನಡುವೆ ತಡೆದು ಕನ್ನಡ ಅಕ್ಷರವಾಗಿಸುವುದು ಇಂಥ ತಂತ್ರಾಂಶದ ಕೆಲಸ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೀಲಿಗಳನ್ನು ಹೀಗೇ ಹಿಡಿಯುತ್ತದೆ. ನಿರಪರಾಧಿ ಸಿಕ್ಕಿಬೀಳುವುದೂ ಉಂಟು: 2010ರ ಏಪ್ರಿಲ್ 21ರಂದು ಮ್ಯಾಕಫಿಯ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯದೇ ಮುಖ್ಯ ಫೈಲನ್ನು ವೈರಸ್ ಎಂದು ಹಿಡಿದು, ಲೋಕದ ಎಷ್ಟೋ ಕಚೇರಿಗಳ ಕಂಪ್ಯೂಟರ್ ಮಲಗಿಸಿತ್ತು.

ಆದರೆ ಕ್ವಾರಂಟೈನ್‌ಗೆ ಹೋದ ಫೈಲು ಅಳಿಸಿಹೋಗಿರುವುದಿಲ್ಲ. ಗೂಢಲಿಪಿಯಲ್ಲಿ ಬಂಧಿಯಾಗಿರುತ್ತದೆ, ಓಡಲಾರದು, ಬೇಕೆಂದರೆ ಮರಳಿ ಬರುತ್ತದೆ. ಹಾಗಾಗಿ ಅವಸರವೇ ಬೇಡ. ವಿಂಡೋಸ್ ಸೆಕ್ಯುರಿಟಿಯಲ್ಲಿ ಪ್ರೊಟೆಕ್ಷನ್ ಹಿಸ್ಟರಿ ತೆರೆದರೆ ಫೈಲು ಯಾವ ಫೋಲ್ಡರಿನಲ್ಲಿತ್ತು, ಯಾವ ಹೆಸರಿನ ಅಪಾಯವೆಂದು ಹಿಡಿದಿದೆ, ಎಲ್ಲ ಇರುತ್ತದೆ. ಆ ಹೆಸರಿನ ಕೊನೆಗೆ 'ಎಂಎಲ್' ಎಂದಿದ್ದರೆ ಅದು ಯಂತ್ರಕಲಿಕೆಯ ಅಂದಾಜು. ತಪ್ಪಿರಬಹುದು, ಸರಿಯೂ ಇರಬಹುದು. ಆಗ ತಯಾರಕರದೇ ತಾಣದಿಂದ ಹೊಸ ಪ್ರತಿ ಇಳಿಸಿ, ಡಿಜಿಟಲ್ ಸಹಿ ಇದೆಯೇ ನೋಡಿ. ವೈರಸ್‌ಟೋಟಲ್ ತಾಣಕ್ಕೆ ಹಾಕಿ ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಕೇಳಬಹುದು. ತಂತ್ರಾಂಶ ಮಾತ್ರ ಹಾಕಿ, ಲ್ಯಾಪ್‌ಟಾಪಿನಲ್ಲಿರುವ ಅಂಗಡಿ ಗಿರಾಕಿಗಳ ಬಿಲ್ಲು ಖಂಡಿತ ಬೇಡ; ಅಲ್ಲಿ ಹಾಕಿದ್ದು ಬೇರೆಯವರ ಕೈಗೂ ಸಿಗುತ್ತದೆ. ಎಲ್ಲ ಸರಿಯಿದ್ದರೆ ಆ ಒಂದು ಫೈಲಿಗಷ್ಟೇ ರಿಸ್ಟೋರ್ ಒತ್ತಿ.

ನಮ್ಮಲ್ಲಿ ಸಂಘದ ಕೆಲಸಕ್ಕೂ ಅಂಗಡಿಯ ಲೆಕ್ಕಕ್ಕೂ ಒಂದೇ ಲ್ಯಾಪ್‌ಟಾಪ್. 2021ರ ಏಪ್ರಿಲ್‌ನಲ್ಲಿ ಒಮಾನಿಗೆ ಶೇ 5ರ ವ್ಯಾಟ್ ಬಂದ ಮೇಲೆ ಎಷ್ಟೋ ಅಂಗಡಿಗಳ ಬಿಲ್ಲು ಅದರೊಳಗೇ ಕೂತಿದೆ. ಗಿರಾಕಿಯ ವಿವರ ಕಾಯುವ ಹೊಣೆಯನ್ನು 2022ರ ವೈಯಕ್ತಿಕ ದತ್ತಾಂಶ ಕಾನೂನು ಮಾಲೀಕನ ಮೇಲೇ ಹೊರಿಸಿದೆ. ಒಂದು ಫಾಂಟಿಗಾಗಿ ಕಾವಲನ್ನೇ ತೆಗೆದರೆ ಉತ್ತರ ಕೊಡಬೇಕಾದವನು ಅವನು.

ಕನ್ನಡ ತಂತ್ರಾಂಶ ಮಾಡುವವರಲ್ಲೂ ಒಂದು ಕೋರಿಕೆ: ಸಹಿಯಿಲ್ಲದ ಆವೃತ್ತಿ ಬಿಡುಗಡೆ ಮಾಡಬೇಡಿ, ಫೈಲು ಬದಲಾಗಿಲ್ಲವೆಂದು ತಾಳೆ ನೋಡಲು ಹ್ಯಾಶ್ ಪ್ರಕಟಿಸಿ, ಆಂಟಿವೈರಸ್ ಕಂಪನಿಗಳಿಗೆ ಮೊದಲೇ ಪರೀಕ್ಷೆಗೆ ಕಳಿಸಿ.