ಮೊದಲು ಹೆಸರು, ಆಮೇಲೆ ಬೆಲೆ

ಮುಂಬೈಯ ಕ್ರಾಫರ್ಡ್ ಮಾರ್ಕೆಟ್ ಇರಲಿ, ಚೆನ್ನೈನ ಕೊಳತ್ತೂರು ಇರಲಿ, ಅಲಂಕಾರಿಕ ಮೀನಿನ ಅಂಗಡಿಗೆ ಹೋದವರು ಮೊದಲು ಕೇಳುವುದು ಬೆಲೆ. ಆದರೆ ಉಪ್ಪುನೀರಿನ ಅಕ್ವೇರಿಯಂಗೆ ರ‍್ಯಾಸ್ ಕೊಳ್ಳುವವರು ಮೊದಲು ಕೇಳಬೇಕಾದ್ದು ಹೆಸರು. ಅದೂ ವೈಜ್ಞಾನಿಕ ಹೆಸರು. ಇದು ಪಾಂಡಿತ್ಯದ ಹಟವಲ್ಲ. ತೊಟ್ಟಿಯಲ್ಲಿ ಆಗಲೇ ಇರುವ ಜೀವಗಳು ಉಳಿಯುತ್ತವೋ ಇಲ್ಲವೋ ಎಂಬುದು ಅದರ ಮೇಲೆ ನಿಂತಿದೆ.

ರ‍್ಯಾಸ್ ಒಂದು ಮೀನಲ್ಲ, 500ಕ್ಕೂ ಹೆಚ್ಚು ಪ್ರಭೇದಗಳ ಕುಟುಂಬ. ಬೆರಳುದ್ದದವೂ ಇವೆ, ಎರಡು ಮೀಟರ್‌ವರೆಗೆ ಬೆಳೆಯುವ ನೆಪೋಲಿಯನ್ ರ‍್ಯಾಸ್ ಕೂಡ ಇದೆ.

ಬಣ್ಣ ನೋಡಿದರೆ ಸಾಕು ಎನ್ನುವವರು ಕೋರಿಸ್ ಗೈಮಾರ್ಡ್ ಅನ್ನು ಗಮನಿಸಲಿ. ಮರಿಗೆ ಕಿತ್ತಳೆಗೆಂಪು ಮೈ, ಬೆನ್ನ ಮೇಲೆ ಕಪ್ಪಂಚಿನ ಬಿಳಿ ಮಚ್ಚೆಗಳು. ಬೆಳೆದ ಮೀನಿಗೆ ಕಡುಬಣ್ಣದ ಮೈ, ನೀಲಿ ಚುಕ್ಕೆ, ಹಳದಿ ಬಾಲ. ಮುದ್ದಾದ ಆ ಮರಿ ಮುಂದೆ 40 ಸೆಂ.ಮೀ.ವರೆಗೆ ಬೆಳೆದು, ಕಲ್ಲು ಮಗುಚಿ ಏಡಿ, ಸೀಗಡಿ, ಬಸವನಹುಳುಗಳನ್ನು ತಿನ್ನುತ್ತದೆ. ಅನೇಕ ರ‍್ಯಾಸ್‌ಗಳು ಹೆಣ್ಣಾಗಿದ್ದು ಆಮೇಲೆ ಗಂಡಾಗುತ್ತವೆ. ಆಗ ಬಣ್ಣವೂ ಬದಲಾಗುತ್ತದೆ.

ವೇಷಧಾರಿಗಳೂ ಇದ್ದಾರೆ. ಬೇರೆ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿನ್ನುವ ಕ್ಲೀನರ್ ರ‍್ಯಾಸ್‌ನಂತೆಯೇ ಕಾಣುವ ಒಂದು ಬ್ಲೆನಿ ಮೀನು, ಹತ್ತಿರ ಬಂದು ರೆಕ್ಕೆ ಕಚ್ಚುತ್ತದೆ. ಕ್ಲೀನರ್‌ನ ಬಾಯಿ ಮೂತಿಯ ತುದಿಯಲ್ಲಿ, ಬ್ಲೆನಿಯದು ಕೆಳಗೆ. ಅಸಲಿ ಕ್ಲೀನರ್‌ಗೂ ತೊಟ್ಟಿಯಲ್ಲಿ ಸಾಕಷ್ಟು ಆಹಾರ ಸಿಗದೆ ಸೊರಗುವುದೇ ಹೆಚ್ಚು. ಅದನ್ನು ಸಮುದ್ರದಲ್ಲೇ ಬಿಡುವುದು ಮೇಲು.

ಜೊತೆಗಾರರ ಆಯ್ಕೆ ಹೆಸರಿನ ನಂತರದ ಮಾತು. ಹತ್ತು ಸೆಂ.ಮೀ. ದಾಟದ ಸಿಕ್ಸ್‌ಲೈನ್ ರ‍್ಯಾಸ್ ತೊಟ್ಟಿಯಲ್ಲಿ ನೆಲೆಯೂರಿದ ಮೇಲೆ ಹೊಸಬರನ್ನು ಅಟ್ಟಾಡಿಸುತ್ತದೆ. ಅದನ್ನು ಕೊನೆಯಲ್ಲೇ ಬಿಡಬೇಕು. ಫೇರಿ, ಫ್ಲಾಶರ್ ರ‍್ಯಾಸ್‌ಗಳು ಸಾಧು, ಸೀಗಡಿಗಳ ಜೊತೆಗೂ ಹೊಂದಿಕೊಳ್ಳುತ್ತವೆ. ಆದರೆ ಬೆದರಿದರೆ ನೀರಿನಿಂದ ಹಾರುತ್ತವೆ, ಮುಚ್ಚಳ ಬೇಕೇ ಬೇಕು. ಹ್ಯಾಲಿಕೋರಿಸ್ ಗುಂಪಿನವು ರಾತ್ರಿ ಮರಳಿನಲ್ಲಿ ಹುದುಗಿ ಮಲಗುತ್ತವೆ; ಬರಿ ಗಾಜಿನ ತಳ ಅವಕ್ಕೆ ಶಿಕ್ಷೆ. ದೊಡ್ಡ ಥಲಸೋಮಾ ಇದ್ದರೆ ಸೀಗಡಿಯ ಆಸೆ ಬಿಡಬೇಕು.

ಇಷ್ಟೆಲ್ಲ ಹೇಳುತ್ತ ಕೂರಲು ಅಂಗಡಿಯವನಿಗೆ ಪುರುಸೊತ್ತೆಲ್ಲಿ ಎಂಬ ವಾದವಿದೆ. ಗಾಜಿನ ಮೇಲೆ ಬೆಲೆ ಬರೆಯುವ ಕೈ ಹೆಸರನ್ನೂ ಬರೆಯಬಹುದು. ಕೇಳುವವರಿಲ್ಲ, ಅದಕ್ಕೇ ಬರೆದಿಲ್ಲ. ಬಂಡೆಗಳ ನಡುವೆ ಬದುಕಿದ್ದ ಜೀವವನ್ನು ಮನೆಗೆ ತರುವವರಿಗೆ ಅದರ ಹೆಸರಾದರೂ ಗೊತ್ತಿರಬೇಡವೇ? ಹೆಸರು ಸಿಗದಿದ್ದರೆ, ಆ ದಿನ ಬರಿಗೈಯಲ್ಲಿ ಮನೆಗೆ ಮರಳುವುದೇ ಲೇಸು.